ಕಂದು ಮೈಗೆ ಹಚ್ಚಿದ ಟ್ಯಾನ್ ಮೂರೇ ದಿನಕ್ಕೆ ಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಹಾಸನದವಳು, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ನನ್ನದು ಎಣ್ಣೆಗಪ್ಪು ಮೈಬಣ್ಣ. ಕಾಲು ಮಾತ್ರ ಎರಡು ಬಣ್ಣ. ಮಂಡಿಯಿಂದ ಮೇಲೆ ಒಂದು, ಕೆಳಗೆ ಒಂದು. ಜೊತೆಗೆ ಸೊಳ್ಳೆ ಕಚ್ಚಿದ ಹಳೇ ಕಲೆಗಳು. ಇಲ್ಲಿನ ಗೆಳತಿಯರು ಬಳಸುವ ಸೆಲ್ಫ್ ಟ್ಯಾನ್ ಮೂಸ್, ಅಂದರೆ ಬಿಸಿಲಿಲ್ಲದೆ ಮೈ ಕಂದಾಗಿಸುವ ನೊರೆ, ನಾನೂ ಹಚ್ಚಿ ನೋಡಿದೆ. ರಾತ್ರಿ ಹಚ್ಚಿದಾಗ ಎರಡೂ ಬಣ್ಣ ಒಂದಾಗಿ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೆ ಅರ್ಧ ಹೋಗಿರುತ್ತದೆ. ಮೂರನೇ ದಿನಕ್ಕೆ ಬೂದಿ ಬಳಿದ ಹಾಗೆ, ತೇಪೆ ತೇಪೆ. ಗೆಳತಿಯರಿಗೆ ಮಾತ್ರ ವಾರಪೂರ್ತಿ ಇರುತ್ತದೆ. 'ಅಲ್ಟ್ರಾ ಡಾರ್ಕ್' ತಗೊಂಡರೆ ಜಾಸ್ತಿ ದಿನ ಬರುತ್ತಾ? ಜನವರಿಯಲ್ಲಿ ನಾದಿನಿಯ ಮದುವೆ ಇಲ್ಲೇ ಇದೆ. ಮುಹೂರ್ತಕ್ಕೆ ಸೀರೆ, ರಿಸೆಪ್ಷನ್‌ಗೆ ಮಂಡಿವರೆಗಿನ ಡ್ರೆಸ್. ಇನ್ನೊಂದು ಮಾತು, ಮದುವೆಯಾಗಿ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಕೈ ಮೇಲೆ ತೊನ್ನಿನ ಮಚ್ಚೆ ಇದೆ. ಅವಳೂ ಇದನ್ನು ಹಚ್ಚಬಹುದಾ?

ಉತ್ತರ: ಅಲ್ಟ್ರಾ ಡಾರ್ಕ್ ತಗೊಂಡರೆ ಬಣ್ಣ ಗಾಢವಾಗುತ್ತದೆ, ದಿನಗಳು ಹೆಚ್ಚೇನೂ ಸಿಗುವುದಿಲ್ಲ. ಗಾಢವಾಗಿ ಏರಿದ ಬಣ್ಣ ತೇಪೆಯಾಗಿ ಇಳಿಯುವಾಗ ಇನ್ನೂ ಎದ್ದು ಕಾಣುತ್ತದೆ, ಅಷ್ಟೇ. ನೀವು ಬರೆದದ್ದು ನೋಡಿದರೆ ತೊಂದರೆ ಬಾಟಲಿಯಲ್ಲಿಲ್ಲ, ಕಾಲಿನ ಒಣ ಚರ್ಮದಲ್ಲಿದೆ. ಅದನ್ನು ಸರಿ ಮಾಡಿಕೊಂಡರೆ ವಾರ ತಳ್ಳುವುದು ಕಷ್ಟವಲ್ಲ.

ನನಗೆ ಬರುವ ಪತ್ರಗಳಲ್ಲಿ ಬೆಳ್ಳಗಾಗುವ ಕ್ರೀಮ್ ಕೇಳುವವರೇ ಜಾಸ್ತಿ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು, ಪತ್ರಗಳು ಮಾತ್ರ ಬದಲಾಗಲಿಲ್ಲ. ಅದರ ನಡುವೆ ಇರುವ ಬಣ್ಣವನ್ನೇ ಸಮ ಮಾಡಿಕೊಳ್ಳಬೇಕು ಅಂತ ಕೇಳಿದ ನಿಮ್ಮ ಪತ್ರ ಓದಿ ಖುಷಿಯಾಯಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಟ್ಯಾನ್ ಬಾಟಲಿಯೊಳಗಿನ ಅಸಲಿ ಸಾಮಾನು ಡೈಹೈಡ್ರಾಕ್ಸಿಅಸಿಟೋನ್. ಚಿಕ್ಕದಾಗಿ ಡಿಎಚ್ಎ ಅನ್ನುತ್ತಾರೆ. ಅದು ಬಣ್ಣವಲ್ಲ, ಮೂರು ಇಂಗಾಲದ ಪುಟ್ಟ ಸಕ್ಕರೆ. ಚರ್ಮದ ಎಲ್ಲಕ್ಕಿಂತ ಮೇಲೆ ಸತ್ತ ಜೀವಕೋಶಗಳ ಒಂದು ಪದರ ಇರುತ್ತದೆ. ಅಲ್ಲಿನ ಕೆರಾಟಿನ್ ಪ್ರೋಟೀನಿಗೆ ಈ ಸಕ್ಕರೆ ಸೇರಿದಾಗ ಕಂದು ಬಣ್ಣ ಹುಟ್ಟುತ್ತದೆ. ಕಾವಲಿಯಲ್ಲಿ ದೋಸೆ ಕೆಂಪಗಾಗುವುದೂ ಇದೇ ಬಗೆಯ ಕ್ರಿಯೆ. ಇಲ್ಲಿ ಬೆಂಕಿ ಬೇಕಿಲ್ಲ, ಕೆಲವು ಗಂಟೆಗಳ ಸಮಯ ಬೇಕು.

ಇದು ಗೊತ್ತಾದದ್ದೂ ಆಕಸ್ಮಿಕವಾಗಿ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಗ್ಲೈಕೋಜನ್ (ಮೈ ಕೂಡಿಡುವ ಸಕ್ಕರೆ) ಕಾಯಿಲೆ ಇರುವ ಮಕ್ಕಳಿಗೆ ಡಿಎಚ್ಎ ದ್ರಾವಣ ಕುಡಿಸುತ್ತಿದ್ದರು. ಮೈಮೇಲೆ ಚೆಲ್ಲಿದ ಕಡೆ ಕೆಲವು ಗಂಟೆಯ ನಂತರ ಕಂದು ಕಲೆ ಮೂಡುತ್ತಿತ್ತು. ಅವರು ತಮ್ಮ ಮೈಗೂ ಹಚ್ಚಿ ನೋಡಿದರು, ಅಲ್ಲೂ ಅದೇ ಆಯಿತು. 1960ರ ಹೊತ್ತಿಗೆ ಇದು ಅಂಗಡಿಗೆ ಬಂತು.

ಮೈಯ ಸ್ವಂತ ಬಣ್ಣ, ಅಂದರೆ ಮೆಲನಿನ್, ಕೆಳಗಿನ ಜೀವಂತ ಪದರದಲ್ಲಿ ತಯಾರಾಗುತ್ತದೆ. ಅದಕ್ಕೂ ಡಿಎಚ್ಎ ಬಣ್ಣಕ್ಕೂ ಸಂಬಂಧವೇ ಇಲ್ಲ. ನಿಮ್ಮ ಚರ್ಮದಲ್ಲೂ ನಿಮ್ಮ ಗೆಳತಿಯರ ಚರ್ಮದಲ್ಲೂ ಬಣ್ಣ ಕೂರುವುದು ಆ ಸತ್ತ ಪದರದಲ್ಲೇ. ಆ ಪದರ ದಿನಾ ಸ್ವಲ್ಪ ಸ್ವಲ್ಪ ಉದುರುತ್ತದೆ, ಎರಡು ವಾರದೊಳಗೆ ಹೆಚ್ಚುಕಡಿಮೆ ಪೂರ್ತಿ ಹೊಸದಾಗುತ್ತದೆ. ಬಣ್ಣ ಕೂತಿರುವುದು ಅದರ ಮೇಲ್ಭಾಗದಲ್ಲೇ ಆದ್ದರಿಂದ ಐದರಿಂದ ಏಳು ದಿನ ಸಹಜ ಆಯಸ್ಸು. ಚೆನ್ನಾಗಿ ನೋಡಿಕೊಂಡರೆ ಕಾಲಿನ ಮೇಲೆ ಹತ್ತು ದಿನ. ಅದಕ್ಕಿಂತ ಜಾಸ್ತಿ ಬರುತ್ತದೆ ಅಂತ ಬಾಟಲಿ ಮೇಲೆ ಬರೆದಿದ್ದರೆ ನಂಬಬೇಡಿ.

ಹಾಗಾದರೆ ಗೆಳತಿಯರಿಗೆ ಒಂದು ವಾರ, ನಿಮಗೆ ಮೂರು ದಿನ ಯಾಕೆ? ಇದಕ್ಕೆ ಎರಡು ಕಾರಣ ಇವೆ. ಎರಡೂ ಕಂದು ಮೈಯವರಿಗೆ ಮಾತ್ರ ಜಾಸ್ತಿ ಕಾಡುತ್ತವೆ.

ಮೊದಲನೆಯದು, ಮೊದಲ ಸ್ನಾನಕ್ಕೆ 'ಅರ್ಧ ಹೋಯಿತು' ಅಂದಿರಲ್ಲ, ಅದು ಟ್ಯಾನ್ ಅಲ್ಲವೇ ಅಲ್ಲ. ಡಿಎಚ್ಎಗೆ ಬಣ್ಣ ಇಲ್ಲದ ಕಾರಣ ಎಲ್ಲಿ ಹಚ್ಚಿದೆವು, ಎಲ್ಲಿ ಬಿಟ್ಟೆವು ಅಂತ ಕಾಣುವುದಿಲ್ಲ. ಅದಕ್ಕೆ ಕಂಪನಿಯವರು ಮೂಸ್‌ಗೆ ಒಂದು ಕಂದು ಬಣ್ಣ ಬೆರೆಸಿರುತ್ತಾರೆ, ಮೇಕಪ್ ಇದ್ದ ಹಾಗೆ. ಮೊದಲ ನೀರಿಗೆ ಅದು ಹೋಗಲೇಬೇಕು. ಬಚ್ಚಲಲ್ಲಿ ಹರಿಯುವ ಕಂದು ನೀರು ಅದೇ. ಬಿಳಿ ಮೈಯವರಿಗೆ ಅದು ತೊಳೆದುಹೋದ ಮೇಲೂ ಕೆಳಗಿನ ಡಿಎಚ್ಎ ಬಣ್ಣ ಎದ್ದು ಕಾಣುತ್ತದೆ, ಮೂಲ ಬಣ್ಣಕ್ಕೂ ಇದಕ್ಕೂ ಅಷ್ಟು ಅಂತರ ಇದೆ. ನಿಮ್ಮ ಮೈಮೇಲೆ ಅಂತರ ಕಡಿಮೆ. ಹಾಗಾಗಿ ರಾತ್ರಿ ಕಂಡ ಚಂದವೆಲ್ಲ ಮೇಕಪ್ಪಿನದು, ಬೆಳಿಗ್ಗೆ ಉಳಿದದ್ದೇ ನಿಜವಾದ ಟ್ಯಾನ್.

ಇದನ್ನು ಪರೀಕ್ಷಿಸುವುದು ಸುಲಭ. ಒಳತೋಳಿನಲ್ಲಿ ರೂಪಾಯಿ ನಾಣ್ಯದಗಲ ಹಚ್ಚಿ, ಎಂಟು ಗಂಟೆ ಬಿಟ್ಟು ನೀರಲ್ಲಿ ತೊಳೆಯಿರಿ. ಮಾರನೇ ದಿನ ಅದೇ ಹೊತ್ತಿಗೆ ಕಿಟಕಿ ಬೆಳಕಿನಲ್ಲಿ ನೋಡಿ. ವೃತ್ತ ಕಾಣುತ್ತಿದ್ದರೆ ಆ ಬಾಟಲಿ ನಿಮಗೆ ಸಾಕು. ಹುಡುಕಿದರೂ ಕಾಣದಿದ್ದರೆ ಅದರಲ್ಲಿ ಡಿಎಚ್ಎ ಕಡಿಮೆ ಇದೆ, ಅದು ನಿಮ್ಮ ಬಣ್ಣಕ್ಕೆ ಆಗುವುದಿಲ್ಲ. ಅಲರ್ಜಿ ಪರೀಕ್ಷೆಯೂ ಇದರಲ್ಲೇ ಆಗಿಹೋಗುತ್ತದೆ. ಕೆಂಪಾಗಿ ತುರಿಸಿದರೆ ಆ ಬಾಟಲಿ ಬೇಡ.

'ಲೈಟ್' ಅಂತ ಮಾರುವ ಬಾಟಲಿಗಳಲ್ಲಿ ಶೇ 3ರಿಂದ 5 ಡಿಎಚ್ಎ ಇರುವುದು ಸಾಮಾನ್ಯ. ಎಣ್ಣೆಗಪ್ಪು ಮೈಗೆ ಅದು ಕಾಣುವುದೇ ಇಲ್ಲ. ಶೇ 8ರಿಂದ 10 ಇರುವುದು ಸಾಕು. ಯುರೋಪ್ ಒಕ್ಕೂಟ 2021ರಲ್ಲಿ ಶೇ 10ನ್ನೇ ಗರಿಷ್ಠ ಮಿತಿ ಎಂದು ನಿಯಮ ಮಾಡಿತು. ಪಾರ್ಲರ್‌ನ ಸ್ಪ್ರೇಗಳಲ್ಲಿ ಇದಕ್ಕಿಂತ ಜಾಸ್ತಿ ಹಾಕುವವರಿದ್ದಾರೆ. ನನ್ನ ಸಲಹೆ ಕೇಳಿದರೆ ಹತ್ತರ ಮೇಲೆ ಹೋಗಬೇಡಿ. ಜಾಸ್ತಿ ಹಾಕಿದರೆ ಚರ್ಮ ಒಣಗುವುದೂ ಜಾಸ್ತಿ, ಒಣಗಿದರೆ ತೇಪೆ ಬೇಗ. ಶೇಕಡಾ ಹಾಕದ ಬಾಟಲಿಗಳೂ ಬೇಕಾದಷ್ಟಿವೆ. ಅಂಥವಕ್ಕೆ ಮೇಲೆ ಹೇಳಿದ ನಾಣ್ಯದ ಪರೀಕ್ಷೆಯೇ ಗತಿ.

ಪದಾರ್ಥಗಳ ಪಟ್ಟಿಯಲ್ಲಿ ಎರಿತ್ರುಲೋಸ್ ಕೂಡ ಇದ್ದರೆ ಒಳ್ಳೆಯದು. ಅದೂ ಒಂದು ಸಕ್ಕರೆಯೇ. ನಿಧಾನವಾಗಿ, ಒಂದೆರಡು ದಿನ ತಗೊಂಡು ಬಣ್ಣ ಬಿಡುತ್ತದೆ. ಅದೊಂದನ್ನೇ ಹಚ್ಚಿದರೆ ಬೇಗ ಹೋಗುತ್ತದೆ. ಡಿಎಚ್ಎ ಜೊತೆ ಸೇರಿದರೆ ಇಳಿಯುವಾಗ ಸಮನಾಗಿ ಇಳಿಯುತ್ತದೆ. ಹಸಿರು ಬೇಸ್, ನೇರಳೆ ಬೇಸ್ (ಅಡಿಬಣ್ಣ) ಅಂತಲೂ ಬರುತ್ತವೆ. ಕೆಂಪು ಛಾಯೆಯ ಮೈಗೆ ಹಸಿರು, ಹಳದಿ ಛಾಯೆಯ ಮೈಗೆ ನೇರಳೆ. ಆದರೆ ಆ ಬೇಸ್ ಹೆಚ್ಚಾಗಿ ಮೇಕಪ್ ಬಣ್ಣದಲ್ಲೇ ಇರುವುದರಿಂದ ಮೊದಲ ಸ್ನಾನದ ನಂತರ ಅದರ ಪಾತ್ರ ಅಷ್ಟಿಲ್ಲ. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಎರಡನೇ ಕಾರಣವೇ ಮುಖ್ಯ. ಮೂರನೇ ದಿನ ಸಂಜೆ, ಸ್ನಾನಕ್ಕೆ ಮೊದಲು, ಮೊಣಕಾಲಿನ ಕೆಳಗೆ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆದು ನೋಡಿ. ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಗೆರೆ ಬಂತಾ? ಅದು ಒಣ ಹೊಟ್ಟು. ಉದುರಲು ಸಿದ್ಧವಾಗಿ ಅರ್ಧ ಎದ್ದು ನಿಂತ ಚರ್ಮದ ಚೂರುಗಳು. ಬೆಳಕು ಬಿದ್ದಾಗ ಅವು ಬೆಳ್ಳಗೆ ಕಾಣುತ್ತವೆ. ಬಿಳಿ ಮೈಮೇಲೆ ಅವು ಗೊತ್ತೇ ಆಗುವುದಿಲ್ಲ, ಕಂದು ಮೈಮೇಲೆ ಬೂದಿ ಬಳಿದ ಹಾಗೆ ಕಾಣುತ್ತವೆ. ಚಳಿಗಾಲದಲ್ಲಿ ಮೈ ಒಡೆದಾಗ ಹಾಸನದಲ್ಲೂ ಹೀಗೇ ಆಗುತ್ತಿತ್ತು ಅಲ್ವಾ? ಮೆಲ್ಬರ್ನ್‌ನಲ್ಲಿ ಚಳಿಗಾಲಕ್ಕೆ ಹೀಟರ್, ಬೇಸಿಗೆಗೆ ಉತ್ತರದಿಂದ ಬೀಸುವ ಒಣ ಬಿಸಿಗಾಳಿ. ಕಾಲಿನ ಚರ್ಮಕ್ಕೆ ಎರಡೂ ಕಾಟವೇ. ಮೊಣಕಾಲ ಕೆಳಗೆ ಎಣ್ಣೆ ಗ್ರಂಥಿಗಳೂ ತೀರ ಕಡಿಮೆ.

ಅಂದರೆ ನಿಮ್ಮ ಟ್ಯಾನ್ ಮೂರನೇ ದಿನಕ್ಕೆ ಹೋಗಿರುವುದಿಲ್ಲ. ಹೊಟ್ಟಿನ ಕೆಳಗೆ ಮುಚ್ಚಿಹೋಗಿರುತ್ತದೆ. ಆ ಬೂದಿ ಬಣ್ಣದ ಮೇಲೆ ವ್ಯಾಸಲೀನ್ ತೆಳ್ಳಗೆ ಸವರಿ ನೋಡಿ, ಕೆಳಗಿನ ಬಣ್ಣ ಮತ್ತೆ ಕಾಣುತ್ತದೆ. ಹೀಗೆ ಕಂಡರೆ ನಿಮಗೆ ಬೇಕಾದದ್ದು ಹೊಸ ಬಾಟಲಿ ಅಲ್ಲ, ದಿನಕ್ಕೆರಡು ಸಲ ಮಾಯಿಶ್ಚರೈಸರ್. ಸವರಿದರೂ ತೇಪೆ ಹಾಗೇ ಇದ್ದರೆ ಬಣ್ಣ ನಿಜವಾಗಿಯೂ ಉದುರಿದೆ. ಆಗ ಹಚ್ಚುವ ಮೊದಲಿನ ತಯಾರಿಯಲ್ಲಿ ಎಲ್ಲೋ ತಪ್ಪಿದೆ.

ಆ ತಯಾರಿ ಹಚ್ಚುವ ದಿನ ಶುರುವಾಗುವುದಲ್ಲ, ವಾರ ಮೊದಲೇ ಶುರುವಾಗಬೇಕು. ಶೇ 10 ಯೂರಿಯಾ ಇರುವ ಲೋಷನ್ ಅಥವಾ ಲ್ಯಾಕ್ಟಿಕ್ ಆಮ್ಲ ಇರುವ ಲೋಷನ್ ತಂದು ರಾತ್ರಿ ಹೊತ್ತು ಕಾಲಿಗೆ ಹಚ್ಚಿ. ಎರಡೂ ಅಲ್ಲಿನ ಫಾರ್ಮಸಿಯಲ್ಲಿ ಚೀಟಿಯಿಲ್ಲದೆ ಸಿಗುತ್ತವೆ. ಒರಟಾದ ಹೊಟ್ಟನ್ನು ಇವು ಉಜ್ಜದೆಯೇ ಸಡಿಲ ಮಾಡುತ್ತವೆ. ಹಚ್ಚುವ ಹಿಂದಿನ ದಿನ ನಿಲ್ಲಿಸಿ.

ಉಜ್ಜುವ ವಿಷಯದಲ್ಲಿ ಮಾತ್ರ ನಮ್ಮವರಿಗೆ ಎಚ್ಚರ ಬೇಕು. ಟ್ಯಾನ್ ಸಲಹೆ ಕೊಡುವವರೆಲ್ಲ ಚೆನ್ನಾಗಿ ಸ್ಕ್ರಬ್ ಮಾಡಿ ಅನ್ನುತ್ತಾರೆ. ಬಿಳಿ ಮೈಯವರಿಗೆ ಅದು ಒಂದು ದಿನದ ಕೆಂಪು, ಮಾರನೇ ದಿನ ಮಾಯ. ಕಂದು ಮೈಯಲ್ಲಿ ಗಟ್ಟಿಯಾಗಿ ಉಜ್ಜಿದ ಕಡೆ ಮೆಲನಿನ್ ಜಾಸ್ತಿಯಾಗಿ ಕಪ್ಪು ಉಳಿದುಬಿಡುತ್ತದೆ, ಹೋಗಲು ತಿಂಗಳುಗಳೇ ಬೇಕು. ನೈಲಾನ್ ಜಾಲರಿಯಲ್ಲೋ ಒರಟು ನಾರಿನಲ್ಲೋ ವರ್ಷಗಟ್ಟಲೆ ಬೆನ್ನು, ತೋಳು, ಮೊಣಕಾಲ ಕೆಳಭಾಗ ತಿಕ್ಕಿ ಕಪ್ಪು ಪಟ್ಟೆ ಬರಿಸಿಕೊಂಡವರು ನನ್ನ ಕ್ಲಿನಿಕ್‌ಗೆ ಬರುತ್ತಲೇ ಇರುತ್ತಾರೆ. ಕೊಳೆ ಅಂದುಕೊಂಡು ಅವರು ಇನ್ನೂ ತಿಕ್ಕಿರುತ್ತಾರೆ, ಅದು ಇನ್ನೂ ಕಪ್ಪಾಗಿರುತ್ತದೆ. ನಿಮಗೆ ಒದ್ದೆ ಹತ್ತಿಬಟ್ಟೆ ಸಾಕು. ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆದ ಕಾಲನ್ನು ಸುಮ್ನೆ ಒತ್ತಡವಿಲ್ಲದೆ ಒರೆಸಿ. ಕಡಲೆಹಿಟ್ಟು ಹಚ್ಚಿ ತೊಳೆದರೂ ಆದೀತು, ಒಣಗಿದ ಮೇಲೆ ಉಜ್ಜಿ ಉದುರಿಸುವುದು ಬೇಡ.

ಎಣ್ಣೆಸ್ನಾನ ಇಷ್ಟವಿದ್ದರೆ ಎರಡು ದಿನ ಮೊದಲೇ ಮುಗಿಸಿ. ಮೈಮೇಲೆ ಎಣ್ಣೆಯ ಪೊರೆ ಇದ್ದರೆ ಡಿಎಚ್ಎ ಚರ್ಮಕ್ಕೆ ಸರಿಯಾಗಿ ತಗಲುವುದಿಲ್ಲ, ಒಂದು ಕಡೆ ಹಿಡಿದು ಒಂದು ಕಡೆ ಬಿಡುತ್ತದೆ. ಸೋಪಿನದೂ ಇಂಥದ್ದೇ ಕಥೆ. ಮಾಮೂಲಿ ಸೋಪು ಕ್ಷಾರ, ಡಿಎಚ್ಎಗೆ ಬೇಕಾದದ್ದು ಹುಳಿಯ ಕಡೆಗಿರುವ ಚರ್ಮ. ಹಚ್ಚುವ ದಿನ ಸೋಪಿಲ್ಲದ ಬಾಡಿ ವಾಶ್ ಬಳಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ಕೂದಲು ತೆಗೆಯುವುದೂ ಮೊದಲೇ ಆಗಬೇಕು. ವ್ಯಾಕ್ಸ್ ಆದರೆ ಎರಡು ದಿನ ಮುಂಚೆ, ಶೇವ್ ಆದರೆ ಹಿಂದಿನ ದಿನ. ಅದೇ ದಿನ ಮಾಡಿದರೆ ಕೂದಲಿನ ಬುಡದ ರಂಧ್ರಗಳಲ್ಲಿ ಬಣ್ಣ ಇಳಿದು ಕಾಲಿನ ತುಂಬ ಕಪ್ಪು ಚುಕ್ಕಿ ಕಾಣುತ್ತವೆ. ನಮ್ಮ ಕೂದಲು ದಪ್ಪ, ಕಪ್ಪು. ಆ ಚುಕ್ಕಿಗಳೂ ಹಾಗೇ ಎದ್ದು ಕಾಣುತ್ತವೆ. ಟ್ಯಾನ್ ಹಚ್ಚಿದ ಮೇಲೆ ವ್ಯಾಕ್ಸ್ ಮಾಡಿದರೆ ಬಣ್ಣ ಕೂತ ಪದರವೇ ಪಟ್ಟಿಯ ಜೊತೆ ಎದ್ದುಬರುತ್ತದೆ. ಗೆಳತಿಯರಿಗೆ ವಾರ ಬಂದದ್ದರ ಹಿಂದೆ ಈ ಗುಟ್ಟೂ ಇರಬಹುದು, ಅವರ ಕಾಲಿನ ಕೂದಲು ಎರಡನೇ ದಿನಕ್ಕೇ ಕಾಣುವುದಿಲ್ಲ. ನೀವು ಮೂರನೇ ದಿನ ಮತ್ತೆ ರೇಜರ್ ಹಿಡಿದಿರಾ? ಹಿಡಿದಿದ್ದರೆ ಪ್ರತಿ ಎಳೆತಕ್ಕೂ ಸ್ವಲ್ಪ ಟ್ಯಾನ್ ಹೋಗಿದೆ ಅಂತಲೇ ಲೆಕ್ಕ.

ಹಚ್ಚುವ ರಾತ್ರಿ ಮೈ ಪೂರ್ತಿ ಒಣಗಿರಲಿ. ಮಂಡಿ, ಹಿಮ್ಮಡಿ, ಕಾಲಿನ ಹರಡು, ಬೆರಳ ಗೆಣ್ಣು, ಇಲ್ಲೆಲ್ಲ ಮೊದಲು ಸಾದಾ ಮಾಯಿಶ್ಚರೈಸರ್ ತೆಳ್ಳಗೆ ಸವರಿ. ಅಲ್ಲಿ ಸತ್ತ ಪದರ ದಪ್ಪ, ಬಣ್ಣ ಜಾಸ್ತಿ ಹೀರುತ್ತದೆ. ನಮ್ಮ ಮಂಡಿ ಮೊದಲೇ ಮೈಗಿಂತ ಒಂದು ಛಾಯೆ ಕಪ್ಪು. ಅದಕ್ಕೇ ಮಂಡಿಗೆ ಬೇರೆಯಾಗಿ ಮೂಸ್ ಹಾಕಬೇಡಿ. ಕಾಲಿಗೆಲ್ಲ ಹಚ್ಚಿ ಗ್ಲೌಸ್‌ನಲ್ಲಿ ಕೊನೆಗೆ ಉಳಿದ ಪಸೆಯನ್ನಷ್ಟೇ ಅದರ ಮೇಲೆ ಎಳೆಯಿರಿ.

ಸೊಳ್ಳೆ ಕಲೆಗಳ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ಇಡೀ ಕಾಲಿಗೆ ಹಚ್ಚಿದರೆ ಕಲೆಯೂ ಅಷ್ಟೇ ಗಾಢವಾಗುತ್ತದೆ, ಅಂತರ ಹಾಗೇ ಉಳಿಯುತ್ತದೆ. ಇಯರ್‌ಬಡ್ ತುದಿಗೆ ಚೂರು ವ್ಯಾಸಲೀನ್ ತಗೊಂಡು ಕಲೆಯ ಮೇಲೆ ಮಾತ್ರ ಚುಕ್ಕಿ ಇಟ್ಟು, ಆಮೇಲೆ ಮೂಸ್ ಹಚ್ಚಿ. ಸುತ್ತಲಿನ ಚರ್ಮ ಕಲೆಯ ಬಣ್ಣದ ಹತ್ತಿರಕ್ಕೆ ಬರುತ್ತದೆ, ಕಲೆ ಇದ್ದಲ್ಲೇ ಇರುತ್ತದೆ. ತಾಳ್ಮೆ ಬೇಡುವ ಕೆಲಸ. ಆದರೆ ನಿಮಗೆ ಬೇಕಾದದ್ದು ಸಮ ಬಣ್ಣ ತಾನೇ. ಮಂಡಿ ಮೇಲಿನ ತಿಳಿ ಭಾಗಕ್ಕೂ ಇದೇ ತರ್ಕ. ಅಲ್ಲಿ ಎರಡು ಸಲ ಹಚ್ಚಿ, ಕೆಳಗೆ ಒಂದೇ ಸಲ.

ಹಚ್ಚಿದ ಮೇಲೆ ಆರರಿಂದ ಎಂಟು ಗಂಟೆ ನೀರು, ಬೆವರು ಬೇಡ. ಬಿಸ್ಕತ್ತಿನಂಥ ವಾಸನೆ ಬರುತ್ತದೆ, ಅದು ಆ ಕ್ರಿಯೆ ನಡೆಯುತ್ತಿರುವ ಗುರುತು. ಗೆಜ್ಜೆ, ಕಾಲುಂಗುರ ಬಿಚ್ಚಿಡಿ. ಸಡಿಲವಾದ ಹಳೇ ನೈಟಿ ಹಾಕಿಕೊಳ್ಳಿ, ಹಾಸಿಗೆಗೆ ಹಳೇ ಬೆಡ್‌ಶೀಟ್ ಹಾಸಿ. ಅಂಗೈ ಮತ್ತು ಉಗುರು ಸಂದುಗಳನ್ನು ಕೂಡಲೇ ಸೋಪು ಹಾಕಿ ತೊಳೆಯಿರಿ. ಬೆಳಿಗ್ಗೆ ಬರೀ ಉಗುರು ಬೆಚ್ಚಗಿನ ನೀರು, ಸೋಪು ಬೇಡ, ಉಜ್ಜುವುದು ಬೇಡ. ಟವೆಲ್‌ನಲ್ಲಿ ಒತ್ತಿ ಒರೆಸಿ. ಬಣ್ಣ ಪೂರ್ತಿ ಏರಲು ಒಂದು ದಿನ ಬೇಕು. ಬೆಳಿಗ್ಗೆ ಕಂಡದ್ದೇ ಕೊನೆ ಅಂದುಕೊಂಡು ಇನ್ನೊಂದು ಕೋಟ್ ಹಚ್ಚಬೇಡಿ.

ಇನ್ನು ಮುಂದಿನ ವಾರ. ಬಿಸಿ ಬಿಸಿ ನೀರಿನ ಉದ್ದನೆಯ ಸ್ನಾನ ಬಿಡಿ, ಹೊಟ್ಟು ಬೇಗ ಏಳುತ್ತದೆ. ಮೈ ಪೂರ್ತಿ ಆರುವ ಮುಂಚೆಯೇ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ, ರಾತ್ರಿ ಮತ್ತೊಮ್ಮೆ. ಮೊದಲು ಹೇಳಿದ ಯೂರಿಯಾ, ಲ್ಯಾಕ್ಟಿಕ್ ಆಮ್ಲದ ಲೋಷನ್‌ಗಳಿಗೆ ಈ ವಾರ ರಜೆ. ರೆಟಿನಾಲ್, ಸ್ಯಾಲಿಸಿಲಿಕ್ ಆಮ್ಲ ಇರುವವೂ ಬೇಡ. ಕ್ಲೋರಿನ್ ಹಾಕಿದ ಈಜುಕೊಳ ಬಣ್ಣವನ್ನು ಬೇಗ ತೆಗೆಯುತ್ತದೆ. ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಿಕ್ಕಿ ತೊಳೆದರೆ ಅದು ಸ್ಕ್ರಬ್‌ಗೆ ಸಮ.

ಮೂರು ದಿನಕ್ಕೊಮ್ಮೆ ಮಾಮೂಲಿ ಲೋಷನ್ ಬದಲು 'ಗ್ರ್ಯಾಜುಯಲ್ ಟ್ಯಾನ್' ಲೋಷನ್ ಹಚ್ಚಿ. ಅದರಲ್ಲಿ ಡಿಎಚ್ಎ ತೀರ ಕಡಿಮೆ. ನಿಮ್ಮ ಮೈಮೇಲೆ ಅದೊಂದೇ ಹಚ್ಚಿದರೆ ಏನೂ ಕಾಣದು, ಆದರೆ ಉದುರಿ ಹೋದಷ್ಟನ್ನು ತುಂಬಿಕೊಡುತ್ತದೆ. ಕಂದು ಮೈಯವರಿಗೆ ದಿನ ಜಾಸ್ತಿ ಮಾಡುವ ಉಪಾಯಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಐದನೇ ದಿನ ಹಳೇ ತೇಪೆಯ ಮೇಲೆ ಮೂಸ್‌ನ ಪೂರ್ತಿ ಕೋಟ್ ಎಳೆಯುವುದು ಮಾತ್ರ ಬೇಡ. ಉಳಿದ ಕಡೆ ಎರಡು ಪಟ್ಟು, ಹೋದ ಕಡೆ ಒಂದು ಪಟ್ಟು ಕೂತು ಚಿರತೆ ಮೈ ಆಗುತ್ತದೆ. ವಾರ ಹತ್ತು ದಿನ ಆದ ಮೇಲೆ ಲ್ಯಾಕ್ಟಿಕ್ ಲೋಷನ್ ಹಚ್ಚಿ ಎಲ್ಲ ಇಳಿಸಿ, ಹೊಸದಾಗಿ ಶುರು ಮಾಡಿ. ಮುಖಕ್ಕೆ ಇದೆಲ್ಲ ಅನ್ವಯಿಸುವುದಿಲ್ಲ, ದಿನಕ್ಕೆರಡು ಸಲ ತೊಳೆಯುವ ಜಾಗ. ಮೂರು ನಾಲ್ಕು ದಿನ ಬಂದರೆ ಪುಣ್ಯ.

ಮದುವೆಗೆ ಎರಡು ದಿನ ಮೊದಲು ಹಚ್ಚಿ. ಹಿಂದಿನ ರಾತ್ರಿ ಹಚ್ಚಿದರೆ ತಪ್ಪಿದ್ದನ್ನು ತಿದ್ದಲು ಸಮಯ ಇರುವುದಿಲ್ಲ. ಅರಿಶಿನ ಶಾಸ್ತ್ರ ಇದ್ದರೆ ಅದು ಮುಗಿದ ಮೇಲೆಯೇ, ಯಾಕಂದರೆ ಅರಿಶಿನ ಬಿಡಿಸಲು ಹೇಗೂ ಉಜ್ಜುತ್ತೀರಿ. ಮೆಹೆಂದಿ ಕೈಗೆ ಟ್ಯಾನ್ ಬೇಡ. ಮುಹೂರ್ತಕ್ಕೆ ಸೀರೆ ಅಂದಿದ್ದೀರಿ. ಸೊಂಟದ ಸುತ್ತ ಹಚ್ಚಿದ್ದರೆ ಲಂಗದ ಲಾಡಿ ಬಿಗಿದ ಕಡೆ, ಬೆವರಿಗೆ, ಮಧ್ಯಾಹ್ನದೊಳಗೆ ಒಂದು ತಿಳಿ ಗೆರೆ ಬೀಳುತ್ತದೆ. ಸೊಂಟ ಬಿಟ್ಟುಬಿಡಿ, ಕಾಲಿಗಷ್ಟೇ ಸಾಕು. ಗೆಜ್ಜೆ ಮುಹೂರ್ತಕ್ಕೆ ಹಾಕಿಕೊಂಡರೂ ರಿಸೆಪ್ಷನ್‌ಗೆ ಬಿಚ್ಚಬೇಡಿ, ಕೆಳಗೆ ಉಂಗುರದ ಗುರುತು ಬಿದ್ದಿರುತ್ತದೆ.

ಟ್ಯಾನ್ ಇದ್ದರೆ ಸನ್‌ಸ್ಕ್ರೀನ್ ಬೇಡ ಅನ್ನುವವರ ಮಾತು ಕೇಳಬೇಡಿ. ಹಚ್ಚಿದ ಕಂದು ಬಣ್ಣ ಬಿಸಿಲನ್ನು ತಡೆಯುವುದು ತೀರ ಅಲ್ಪ, ಎಸ್‌ಪಿಎಫ್ ಮೂರೋ ನಾಲ್ಕೋ, ಅದೂ ಕೆಲವು ಗಂಟೆ. ಹಚ್ಚಿದ ಮೊದಲ ದಿನ ಬಿಸಿಲಿಗೆ ಹೋದರೆ ಚರ್ಮದಲ್ಲಿ ಫ್ರೀ ರ್‍ಯಾಡಿಕಲ್‌ಗಳು (ಜೀವಕೋಶಕ್ಕೆ ಹಾನಿ ಮಾಡುವ ಅಸ್ಥಿರ ಕಣಗಳು) ಮಾಮೂಲಿಗಿಂತ ಜಾಸ್ತಿ ಹುಟ್ಟುತ್ತವೆ ಅಂತಲೂ ಪ್ರಯೋಗಗಳು ತೋರಿಸಿವೆ. ಜನವರಿಯಲ್ಲಿ ಮೆಲ್ಬರ್ನ್‌ನ ಯುವಿ ಸೂಚ್ಯಂಕ, ಅಂದರೆ ಬಿಸಿಲಿನ ತೀಕ್ಷ್ಣತೆಯ ಅಳತೆ, ಹನ್ನೊಂದನ್ನೂ ಮುಟ್ಟುತ್ತದೆ, ಅದು ತೀರ ಹೆಚ್ಚಿನ ಮಟ್ಟ. ನಿಮ್ಮ ಮೆಲನಿನ್ ಸ್ವಲ್ಪ ಕಾಪಾಡುತ್ತದೆ ನಿಜ, ಆದರೆ ಕಾಲು ಎರಡು ಬಣ್ಣ ಆದದ್ದೇ ಬಿಸಿಲಿನಿಂದ. ಗೆಳತಿಯರು ಬಾಟಲಿ ಹಿಡಿದದ್ದಕ್ಕೂ ಬಿಸಿಲೇ ಕಾರಣ. ಚರ್ಮದ ಕ್ಯಾನ್ಸರ್ ಭಯಕ್ಕೆ ಆಸ್ಟ್ರೇಲಿಯಾದಲ್ಲಿ ದುಡ್ಡು ಕೊಟ್ಟು ಯುವಿ ದೀಪದ ಕೆಳಗೆ ಮಲಗಿ ಮೈ ಕಂದಾಗಿಸಿಕೊಳ್ಳುವ ಸೋಲೇರಿಯಂಗಳನ್ನು ಮುಚ್ಚಿಸಿದ್ದಾರೆ. 2016ರಿಂದ ಇಡೀ ದೇಶದಲ್ಲಿ ಅವು ನಿಷಿದ್ಧ.

ಮೂಗಿಗೆ ಬಿಡುವ 'ಟ್ಯಾನ್ ಸ್ಪ್ರೇ', ಮೆಲನೊಟಾನ್ ಚುಚ್ಚುಮದ್ದು ಅಂತ ಯಾರಾದರೂ ಆನ್‌ಲೈನ್‌ನಲ್ಲಿ ತೋರಿಸಿದರೆ ಹತ್ತಿರ ಹೋಗಬೇಡಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ ಇವುಗಳ ವಿರುದ್ಧ ಎಚ್ಚರಿಕೆ ಕೊಟ್ಟಿದೆ. ಅವು ಒಳಗಿನಿಂದ ಮೆಲನಿನ್ ಹೆಚ್ಚಿಸುತ್ತವೆ. ಮೈಮೇಲಿನ ಮಚ್ಚೆಗಳೂ ಬದಲಾಗುತ್ತವೆ.

ಇನ್ನು ನಿಮ್ಮ ತಂಗಿಯ ವಿಷಯ. ಹಚ್ಚಬಹುದು. ನಿಜ ಹೇಳಬೇಕೆಂದರೆ ಡಿಎಚ್ಎ ನಿಮಗಿಂತ ಅವರಿಗೇ ಜಾಸ್ತಿ ಉಪಯೋಗ. ತೊನ್ನು ಇರುವ ಕಡೆ ಮೆಲನಿನ್ ತಯಾರಿಸುವ ಜೀವಕೋಶಗಳಿಲ್ಲ. ಆದರೆ ಮೇಲಿನ ಸತ್ತ ಪದರ, ಕೆರಾಟಿನ್ ಎಲ್ಲ ಇದೆ. ಡಿಎಚ್ಎಗೆ ಬೇಕಾದದ್ದು ಅಷ್ಟೇ. ಚರ್ಮವೈದ್ಯರು ಇದನ್ನು ತೊನ್ನು ಮರೆಮಾಡಲು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅದು ಬಿಡುವ ಬಣ್ಣ ಕಂದು. ಸುತ್ತಲಿನ ಕಂದು ಮೈಗೆ ಚೆನ್ನಾಗಿ ಹೊಂದುತ್ತದೆ. ತೀರ ಬಿಳಿ ಮೈಯವರಿಗಿಂತ ನಮ್ಮವರಲ್ಲಿ ಫಲಿತಾಂಶ ಚಂದ. ಮೇಕಪ್ಪಿನಂತೆ ಕೊರಳಪಟ್ಟಿಗೆ, ತೋಳಿಗೆ ಅಂಟುವುದಿಲ್ಲ.

ಆದರೆ ನಿಮ್ಮ ಮೂಸ್ ಬಾಟಲಿಯನ್ನೇ ಪಾರ್ಸೆಲ್ ಮಾಡಬೇಡಿ. ಅದರಲ್ಲಿನ ಮೇಕಪ್ ಬಣ್ಣ, ಸುಗಂಧ ಯಾವುದೂ ಅವರಿಗೆ ಬೇಡ. ಬಣ್ಣ ಬೆರೆಸದ, ವಾಸನೆಯಿಲ್ಲದ, ಶೇ 5ರ ಆಸುಪಾಸಿನ ಸಾದಾ ಡಿಎಚ್ಎ ಲೋಷನ್ ಬೇಕು. ಹಚ್ಚುವ ಕ್ರಮವೂ ಬೇರೆ. ಇಯರ್‌ಬಡ್‌ನಲ್ಲಿ ಮಚ್ಚೆಯ ಒಳಗೆ ಮಾತ್ರ, ಅಂಚಿನಿಂದ ಕೂದಲೆಳೆಯಷ್ಟು ಒಳಗೇ ನಿಲ್ಲಿಸಬೇಕು. ಅಂಚಿನ ಆಚೆ ತಗಲಿದರೆ ಮಚ್ಚೆಯ ಸುತ್ತ ಕಪ್ಪು ಉಂಗುರ ಬೀಳುತ್ತದೆ, ಅದು ಮಚ್ಚೆಗಿಂತ ಎದ್ದು ಕಾಣುತ್ತದೆ. ಒಂದು ಸಲ ಹಚ್ಚಿ ಮಾರನೇ ದಿನ ನೋಡಲಿ. ತಿಳಿಯಾಗಿದ್ದರೆ ಇನ್ನೊಂದು ಸಲ. ಹೊಂದುವವರೆಗೆ ಹೀಗೇ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. ಕೈ ಹಿಂಭಾಗದಲ್ಲಿ ಬಣ್ಣ ಬಹಳ ದಿನ ನಿಲ್ಲುವುದಿಲ್ಲ. ಮೆಹೆಂದಿ ಅಂಗೈಯಲ್ಲಿ ಉಳಿದು ಹಿಂಭಾಗದಲ್ಲಿ ಬೇಗ ಹೋಗುವುದೂ ಇದಕ್ಕೇ, ಅಲ್ಲಿ ಸತ್ತ ಪದರ ತೆಳು. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಒಂದೆರಡು ದಿನ ಜಾಸ್ತಿ ಸಿಗುತ್ತದೆ.

ಒಂದು ಮಾತು ಅವರಿಗೆ ಸ್ಪಷ್ಟವಾಗಿ ಹೇಳಿ. ಇದು ಮರೆಮಾಚುವುದು ಮಾತ್ರ, ಚಿಕಿತ್ಸೆಯಲ್ಲ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಮೀನು ತಿಂದು ಹಾಲು ಕುಡಿದರೆ ಬರುವಂಥದ್ದೂ ಅಲ್ಲ. ಮೈಯ ರೋಗನಿರೋಧಕ ಶಕ್ತಿಯೇ ಬಣ್ಣದ ಜೀವಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುತ್ತದೆ. ಟ್ಯಾಕ್ರೋಲಿಮಸ್ ಮುಲಾಮು, ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ನಮ್ಮಲ್ಲೇ ಸಿಗುತ್ತವೆ. ರಕ್ಸೋಲಿಟಿನಿಬ್ ಎಂಬ ಕ್ರೀಮ್‌ಗೆ 2022ರಲ್ಲಿ ಅಮೆರಿಕದಲ್ಲಿ ತೊನ್ನಿಗಾಗಿ ಒಪ್ಪಿಗೆ ಸಿಕ್ಕಿತು. ಮಚ್ಚೆ ಹೊಸದು, ಚಿಕ್ಕದು ಇರುವಾಗಲೇ ಶುರು ಮಾಡಿದರೆ ಬಣ್ಣ ಮರಳುವ ಸಾಧ್ಯತೆ ಜಾಸ್ತಿ. ಬೆರಳ ತುದಿ ಮತ್ತು ಗೆಣ್ಣುಗಳಲ್ಲಿ ಇದ್ದರೆ ಹೆಚ್ಚು ತಾಳ್ಮೆ ಬೇಕು.

ತಂಗಿ ಈಗಾಗಲೇ ಬೆಳಕಿನ ಚಿಕಿತ್ಸೆ ತಗೊಳ್ಳುತ್ತಿದ್ದರೆ ಡಿಎಚ್ಎ ಹಚ್ಚುವುದನ್ನು ವೈದ್ಯರಿಗೆ ಹೇಳಲೇಬೇಕು. ಆ ಕಂದು ಪದರ ಬೆಳಕನ್ನು ಸ್ವಲ್ಪ ತಡೆಯಬಹುದು, ಮಚ್ಚೆಗೆ ತಲುಪಬೇಕಾದ ಪ್ರಮಾಣ ತಲುಪದೆ ಹೋಗಬಹುದು. ಮಚ್ಚೆ ಮೇಲೆ ಬಣ್ಣ ಇದ್ದರೆ ಮರಳಿ ಬರುತ್ತಿರುವ ಸ್ವಂತ ಬಣ್ಣದ 'ಚುಕ್ಕಿ'ಗಳೂ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಭೇಟಿಗೆ ಒಂದು ವಾರ ಇರುವಾಗಲೇ ಹಚ್ಚುವುದು ನಿಲ್ಲಿಸಿ, ಬರೀ ಕೈಯಲ್ಲಿ ಹೋಗಿ ತೋರಿಸಲಿ. ಹಚ್ಚುತ್ತಿರುವ ಲೋಷನ್ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ.